ಕೊರಳಿಗೆ ಬಿದ್ದ ಹೊಣೆ

ತಾಳೆಗರಿಯನ್ನು ಮುಟ್ಟುವ ಮುನ್ನ ಕೈ ತೊಳೆದು, ಒಣ ವಸ್ತ್ರದಿಂದ ಒರೆಸಿಕೊಳ್ಳಬೇಕೆಂಬುದು ಮಠದಲ್ಲಿ ನಮಗಾದ ಮೊದಲ ಪಾಠ. ಅರವತ್ತು ದಾಟಿದ ಮೇಲೆ ಆ ಪಾಠವು ನೀರಾಟದ ಉದ್ಯಾನವೊಂದರಲ್ಲಿ ನೆನಪಾದೀತೆಂದು ನಾವು ಎಣಿಸಿರಲಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಒಂದು ಮನೆತನದವರು ತಲೆಮಾರುಗಳಿಂದ ಬಿಚ್ಚದಿದ್ದ ತಾಳೆಗರಿಯ ಕಟ್ಟೊಂದನ್ನು ಎರಡೇ ದಿನದ ಮಟ್ಟಿಗೆ ನಮ್ಮೆದುರು ಬಿಚ್ಚಿದರು. ಮದುವೆಮನೆಗಳಲ್ಲಿ ಛಾಯಾಚಿತ್ರ ತೆಗೆದು ಸಂಸಾರ ನಡೆಸುವ ನಮ್ಮ ಹಳೆಯ ಶಿಷ್ಯನೊಬ್ಬನು ಲಕ್ಷ ರೂಪಾಯಿಗೂ ಮಿಗಿಲಾದ ತನ್ನ ಕ್ಯಾಮೆರಾವನ್ನು ನಂಬಿ ಕೊಟ್ಟಿದ್ದನು. 146 ಗರಿಗಳ ಚಿತ್ರ ತೆಗೆದೆವು. ಅವನ್ನು ಕಂಪ್ಯೂಟರಿಗೆ ಇಳಿಸುವ ಮೊದಲೇ ಬೆಂಗಳೂರಿನ ಮಗನ ಮನೆಗೆ ಹೊರಡಬೇಕಾಯಿತು. ಮರುದಿನ ಮೊಮ್ಮಗಳ ಹಟಕ್ಕೆ ಮಣಿದು, ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾಗೆ ಮನೆಮಂದಿಯೆಲ್ಲ ಹೊರಟೆವು. ಕ್ಯಾಮೆರಾ ಮನೆಯಲ್ಲಿರಲೆಂದು ಮಗನು ಹೇಳಿದನು. ಮಗುವಿನ ಚಿತ್ರ ತೆಗೆಯುವ ಆಸೆ ನಮ್ಮದು. ಅದನ್ನು ಕೊರಳಿಗೆ ಹಾಕಿಕೊಂಡೇ ಹೋದೆವು.

ಮಳೆ ಬಂದು ನಿಂತ ಬೆಳಗು. ಹವಾನಿಯಂತ್ರಿತ ಕಾರಿನಿಂದ ಇಳಿದೊಡನೆ ಮೊಮ್ಮಗಳನ್ನು ಮಹಾದ್ವಾರದ ಬಳಿ ನಿಲ್ಲಿಸಿ ಗುಂಡಿಯೊತ್ತಿದೆವು. ಏನೂ ಕಾಣದು! ತಣ್ಣಗಿದ್ದ ಗಾಜಿಗೆ ಹೊರಗಿನ ತೇವಗಾಳಿ ತಗುಲಿ ಹನಿಗಟ್ಟಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಅರ್ಧ ಗಂಟೆ ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಬೇಕೆಂದು ಶಿಷ್ಯನು ಹೇಳಿದ್ದನು, ನಾವು ಮರೆತಿದ್ದೆವು. ಅವನ ಉಳಿದ ಮಾತುಗಳೂ ಆಗ ಒಂದೊಂದಾಗಿ ನೆನಪಿಗೆ ಬಂದವು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ನೀರು ಸಿಡಿಯುವಲ್ಲಿ ಮಸೂರ ಬದಲಿಸಬಾರದು. ಒದ್ದೆಯಾದರೆ ತಕ್ಷಣ ಆರಿಸಿ ಬ್ಯಾಟರಿ ತೆಗೆಯಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂಳಿಡಬಾರದು, ಅಕ್ಕಿಯ ಧೂಳು ಒಳಗೆ ಸೇರುತ್ತದೆ. ಈಜುಕೊಳದ ನೀರಿಗೆ ಕ್ಲೋರಿನ್ ಬೆರೆಸಿರುವುದರಿಂದ ಅದು ಬರಿಯ ನೀರಿಗಿಂತ ಕೆಟ್ಟದ್ದು.

ಹೀಗಾಗಿ ಕ್ಯಾಮೆರಾವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಎದೆಗವಚಿಕೊಂಡು, ಅಲೆಯ ಕೊಳದ ದಂಡೆಯಲ್ಲಿ ಕುಳಿತೆವು. ಕೊಳಕ್ಕಿಳಿಯಲು ನೈಲಾನ್ ಉಡುಪೇ ಬೇಕು. ನಮ್ಮ ಧೋತರಕ್ಕೆ ಅಲ್ಲಿ ಅವಕಾಶವಿಲ್ಲ. ಅದೂ ಒಂದು ನೆಪವಾಯಿತೆನ್ನಿ. ಮೊಮ್ಮಗಳು ಎರಡು ಸಲ ಬಂದು ಕೈ ಹಿಡಿದೆಳೆದಳು. ಎರಡು ಸಲವೂ, "ದೂರ ನಿಲ್ಲವ್ವ, ನೀರು ಸಿಡಿಯುತ್ತದೆ" ಎಂದು ಗದರಿದೆವು. ಮೂರನೆಯ ಸಲ ಅವಳು ಬರಲಿಲ್ಲ.

ಅಷ್ಟರಲ್ಲಿ ಅಲೆ ಏಳುವ ಹೊತ್ತಾಗಿ ಹುಡುಗರ ದಂಡು ಹೋ ಎಂದು ನುಗ್ಗಿತು. ನಮ್ಮ ಮಡಿಲೆಲ್ಲ ನೀರು. ಹೊರಚೀಲ ತೊಯ್ದಿತ್ತು, ಒಳಚೀಲ ಒಣಗಿತ್ತು. ಎದೆ ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು. ಕ್ಯಾಮೆರಾ ಹೋಗಿದ್ದರೆ ಸಾಲ ಮಾಡಿಯಾದರೂ ಶಿಷ್ಯನಿಗೆ ಇನ್ನೊಂದನ್ನು ಕೊಡಿಸಬಹುದಿತ್ತು. ಅದರೊಳಗಿನ ಉಗುರಗಲದ ಕಾರ್ಡ್ ಹೋಗಿದ್ದರೆ? ಆ ಮನೆಯವರು ಕಟ್ಟನ್ನು ಮತ್ತೆ ಬಿಚ್ಚುತ್ತಿರಲಿಲ್ಲ. ಅದನ್ನು ಮನೆಯಲ್ಲೇ ತೆಗೆದಿಟ್ಟು, ಬೇರೊಂದು ಕಾರ್ಡನ್ನು ಹಾಕಿಕೊಂಡು ಬರುವುದಕ್ಕೆ ನೂರಾರು ರೂಪಾಯಿಗಿಂತ ಹೆಚ್ಚಿನ ಖರ್ಚಿರಲಿಲ್ಲ. ಇಷ್ಟು ಓದಿದವರಿಗೆ ಇಷ್ಟು ಹೊಳೆಯಲಿಲ್ಲ.

ನೀರಿನಿಂದ ದೂರ ಹೋಗಿ, ಕೈಗಳನ್ನು ಚೆನ್ನಾಗಿ ಒರೆಸಿಕೊಂಡು, ಗರಿಯನ್ನೆತ್ತುವಂತೆ ಕಾರ್ಡನ್ನು ಎತ್ತಿ ಕನ್ನಡಕದ ಡಬ್ಬಿಯೊಳಗಿಟ್ಟೆವು. ಕಾರ್ಡ್ ಇಲ್ಲದ ಕ್ಯಾಮೆರಾದಿಂದ ಆಗುವ ಉಪಯೋಗವಾದರೂ ಏನು? ಎರಡನ್ನೂ ಲಾಕರಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರದಂತೆ ಜೋಪಾನವಾಗಿ ಕಾಯುವ ಪಾಡನ್ನು ಮಗನಿಗೆ ಒಪ್ಪಿಸಿ, ಮುನಿದು ಕುಳಿತಿದ್ದ ಮೊಮ್ಮಗಳೊಡನೆ ಎತ್ತರದ ತಿರುಗುಚಕ್ರವನ್ನೇರಿದೆವು. ಮೇಲಕ್ಕೇರಿದಂತೆ ಅವಳ ಮುನಿಸು ಇಳಿಯಿತು. ನಮ್ಮ ಕೈಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡಳು.

ರಾತ್ರಿ ಮಗನು ಚಿತ್ರಗಳನ್ನು ಕಂಪ್ಯೂಟರಿಗೂ ಇನ್ನೊಂದು ಪೆಟ್ಟಿಗೆಗೂ ಇಳಿಸಿದನು. 146 ಗರಿಗಳೂ ಸ್ಫುಟವಾಗಿ ಬಂದಿದ್ದವು. ಕೊನೆಯಲ್ಲಿ ಒಂದು ಚಿತ್ರ ಹೆಚ್ಚಿಗೆ ಇತ್ತು: ಬೆಳ್ಳಗಿನ ಮಬ್ಬಿನ ನಡುವೆ ಕೆಂಪು ಫ್ರಾಕಿನ ಒಂದು ಗುರುತು ಮಾತ್ರ.

"ಅಜ್ಜಾರ, ಇದು ನಾನಾ ಏನ್ರಿ?" ಎಂದು ಅವಳು ಪರದೆಗೆ ಮೂಗು ತಗುಲಿಸಿ ಕೇಳಿದಳು.