ವಾರಕ್ಕೊಂದು ಪುಡಿ

ಅಕ್ಕಿಪೇಟೆ ಅಂದರೆ ನಿಮಗೆ ಅಕ್ಕಿ ಮೂಟೆ ನೆನಪಾಗಬಹುದು. ಈಗ ಬಂದು ನೋಡಿ, ಎತ್ತ ತಿರುಗಿದರೂ ಸಗಟು ಔಷಧದ ಅಂಗಡಿ. ಪಕ್ಕದ ಬೀದಿಯಲ್ಲೇ ಇರುವ ನನಗೆ ಗುಳಿಗೆ ತರುವುದೆಂದರೆ ಕೊತ್ತಂಬರಿ ಸೊಪ್ಪು ತಂದಷ್ಟೇ ಸಲೀಸು. ಆ ಸಲೀಸೇ ನನ್ನನ್ನು ಕೆಡಿಸಿತು ನೋಡಿ.

ನಮ್ಮ ನಾದಿನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ವಿದ್ಯುತ್ ತಂತಿಗೆ ಮೇಲುಹೊದಿಕೆ ಇರುತ್ತದಲ್ಲ, ಮಿದುಳು, ಬೆನ್ನುಹುರಿಯ ನರಗಳಿಗೂ ಹಾಗೇ ಒಂದು ಹೊದಿಕೆ. ದೇಹದ ಕಾವಲು ಪಡೆಯೇ ಅದನ್ನು ಶತ್ರುವೆಂದು ತಿಳಿದು ಹಾಳುಮಾಡುವ ಕಾಯಿಲೆ ಇದು. ಮೊದಲು ಅವಳ ಒಂದು ಕಣ್ಣು ಮಂಜಾಯಿತು, ಆಮೇಲೆ ಕಾಲು ಜೋಮು. ಸುದ್ದಿ ತಿಳಿದು ನೋಡಲು ಬಂದವರೆಲ್ಲ ವೈದ್ಯರೇ! ಸೊಪ್ಪು ಸಾರಿನ ನಮ್ಮ ಮನೆಗೆ ಮೀನೆಣ್ಣೆ ಗುಳಿಗೆ ಹೇಳಿದವರೂ ಉಂಟು.

ನರರೋಗದ ಡಾಕ್ಟರು ರಕ್ತದಲ್ಲಿ ಡಿ ಜೀವಸತ್ವ ಕಡಿಮೆ ಅಂತ 60,000 ಯೂನಿಟ್ಟಿನ ಪುಡಿ ಬರೆದಿದ್ದರು. ವಾರಕ್ಕೊಂದು, ಹಾಲಿನಲ್ಲಿ. ವಾರಕ್ಕೊಂದು ಒಳ್ಳೆಯದಾದರೆ ದಿನಕ್ಕೊಂದು ಇನ್ನೂ ಒಳ್ಳೆಯದಲ್ಲವೆ? ಇದು ನನ್ನ ಲೆಕ್ಕ. ಎರಡು ತಿಂಗಳು ನಾನೇ ಬೆರೆಸಿ ಕುಡಿಸಿದೆ.

ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಕು. ಕಾಯಿಲೆಯೇ ಉಲ್ಬಣಿಸಿತೆಂದು ಅತ್ತೆಯವರು ಹರಕೆ ಹೊತ್ತರು. ಪರೀಕ್ಷೆ ಮಾಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ! ಹೆಚ್ಚಾದ ಸಿ ಜೀವಸತ್ವ ಮೂತ್ರದಲ್ಲಿ ಹೋಗಿಬಿಡುತ್ತದೆ, ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಹಾಗೇ ಬಿಟ್ಟಿದ್ದರೆ ಮೂತ್ರಪಿಂಡಕ್ಕೇ ಕುತ್ತು. ಆಸ್ಪತ್ರೆಯಲ್ಲಿ ಸಲೈನ್ ಏರಿಸಿಕೊಂಡು ಮಲಗಿದ್ದವಳು, “ಅತ್ತಿಗೆ, ನಿಮ್ಮ ಪ್ರೀತೀನೂ ವಾರಕ್ಕೊಂದೇ ಸಲ ಕೊಡಿ” ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಡಾಕ್ಟರು ಬೈಯಲಿಲ್ಲ. ಡಿ ಕಡಿಮೆಯಿರುವವರಲ್ಲಿ ಈ ಕಾಯಿಲೆ ಹೆಚ್ಚು ನಿಜ, ಆದರೆ ಪುಡಿಯಿಂದ ಅದು ತಗ್ಗುತ್ತದೆಯೇ ಎಂದು ನೋಡಿದ ಪ್ರಯೋಗಗಳ ಫಲ ಒಂದೇ ಥರ ಬಂದಿಲ್ಲ, ಕಾಯಿಲೆಯ ಔಷಧವನ್ನಂತೂ ಬಿಡಕೂಡದು ಎಂದರು. ಆಮೇಲೆ, “ಮನೇಲಿರೋ ಗುಳಿಗೆ ಎಲ್ಲಾ ತನ್ನಿ” ಅಂದರು. ಚೀಲ ತುಂಬಿತು!

ಬಿ12 ಇರಲಿ ಎಂದರು. ಅವಳಿಗೆ ಅದು ನಿಜವಾಗಿಯೂ ಕಡಿಮೆಯಿತ್ತು. ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯವಂತೆ, ಅದೊಂದರ ಕೊರತೆಯಿಂದಲೇ ಕಾಲು ಜೋಮು ಹಿಡಿಯುವುದೂ ಉಂಟು. ಬಯೋಟಿನ್ ಮಾತ್ರ ಎತ್ತಿಟ್ಟರು. ಈ ಕಾಯಿಲೆಗೆಂದು ದಿನಕ್ಕೆ 300 ಮಿಲಿಗ್ರಾಂ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು, ಉಪಯೋಗ ಕಾಣಲಿಲ್ಲ. ಸಾಲದ್ದಕ್ಕೆ ಅದು ಹೊಟ್ಟೆಯಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯ ಅಂಕಿ ತಪ್ಪಾಗಿ ಬರಬಹುದು. ನೀವೂ ಕೂದಲಿಗೆಂದು ನುಂಗುತ್ತಿದ್ದೀರಾ? ಪರೀಕ್ಷೆಗೆ ಮೊದಲು ಹೇಳಿಬಿಡಿ.

ಈಗ ಎಲ್ಲ ಗುಳಿಗೆಗಳೂ ಒಂದೇ ಡಬ್ಬಿಯಲ್ಲಿ. ಮುಂದಿನ ತಿಂಗಳು ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯೂ ಬರುತ್ತದೆ. ನನ್ನ ಕೂದಲಿನ ಗುಳಿಗೆಯೂ ಅದರಲ್ಲೇ ಇದೆ.