ಈದ್ ಚಂದ್ರ, ಚೌತಿ ಚಂದ್ರ

ಮಯೂರ್ ವಿಹಾರ್ ಫೇಸ್ ಒನ್‌ನ ನಮ್ಮ ಡಿಡಿಎ ಫ್ಲ್ಯಾಟುಗಳಲ್ಲಿ ಆಗ ಹಗಲು ಹೊತ್ತು ಬಾಗಿಲು ಹಾಕಿಕೊಳ್ಳುವವರೇ ಕಡಿಮೆ. ಮೇಲಿನ ಮನೆಯ ಪಂಜಾಬಿ ಆಂಟಿ ಅಮ್ಮನನ್ನು ಕೂಗುತ್ತಲೇ ಅಡುಗೆಮನೆಗೆ ನುಗ್ಗುವರು. ಗುರುವಾಯೂರಪ್ಪನ ಗುಡಿಯಿಂದ ಮರಳುವ ಮಲಯಾಳಿಗಳು ಮೆಟ್ಟಿಲಲ್ಲೇ ಮಾತು ಶುರುಮಾಡುವರು. ಎದುರು ಮನೆಯ ಖಾಲಾ ಮಾತ್ರ, ಬಾಗಿಲು ಹಾರು ಹೊಡೆದಿದ್ದರೂ ಬೆಲ್ ಒತ್ತಿ, ಹೊಸ್ತಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಒಳಗಿನವರು ಯಾವ ಸ್ಥಿತಿಯಲ್ಲಿದ್ದಾರೋ, ಅವರ ಮೇಲೆ ಕಣ್ಣು ಬೀಳಬಾರದು. ಮೂರು ಸಲ ಒತ್ತಿ ಯಾರೂ ಬರದಿದ್ದರೆ ವಾಪಸ್. ಆಮೇಲೆ 'ಬಂದಿದ್ದೆ, ನೀವು ಬರಲಿಲ್ಲ' ಎಂಬ ತಕರಾರೂ ಇಲ್ಲ. ಬೇರೆಯವರ ಮನೆಗೆ ಅನುಮತಿ ಕೇಳದೆ ಹೋಗಬೇಡಿ, ಹಿಂತಿರುಗಿ ಎಂದರೆ ಹಿಂತಿರುಗಿ ಎಂದು ಕುರ್‌ಆನಿನ ನೂರ್ ಅಧ್ಯಾಯದಲ್ಲಿದೆ, ಮೂರು ಸಲದ ಲೆಕ್ಕ ಹದೀಸಿನದು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಗ ನನಗೂ ತಂಗಿಗೂ ಅದೊಂದು ಆಟ. ಒಬ್ಬರು ಖಾಲಾ ಆಗಿ ಗೋಡೆಗೆ ಒತ್ತಿ ನಿಂತರೆ, ಇನ್ನೊಬ್ಬರು ಬೇಕೆಂದೇ ಬಾಗಿಲಿಗೆ ಬರುತ್ತಿರಲಿಲ್ಲ.

ಖಾಲಾ ಅವರದು ಹಳೇ ದಿಲ್ಲಿಯ ಬಲ್ಲಿಮಾರಾನ್ ಕಡೆಯ ಮನೆತನ. ಹಮ್‌ದರ್ದ್ ದವಾಖಾನೆ 1906ರಲ್ಲಿ ಹಳೇ ದಿಲ್ಲಿಯಲ್ಲೇ ಹುಟ್ಟಿದ್ದೆಂಬ ಕಾರಣಕ್ಕೆ ಅದರ ರೂಹ್ ಅಫ್ಜಾ ತಮ್ಮ ತವರಿನ ಸೊತ್ತೇನೋ ಎಂಬಂತೆ ಮಾತಾಡುವರು. ರಮ್ಜಾನಿನಲ್ಲಿ ಅದರ ಶರಬತ್ತು, ಕರಿಉಪ್ಪು ಉದುರಿಸಿದ ಹಣ್ಣಿನ ಚಾಟ್, ಖರ್ಜೂರ ಇಟ್ಟ ತಟ್ಟೆ ನಮ್ಮ ಮನೆಗೆ ಬರುತ್ತಿದ್ದದ್ದು ಮಗರಿಬ್ ಆಜಾನಿಗೆ ಮುಂಚೆ. ದಿನವಿಡೀ ಹನಿ ನೀರು ಕುಡಿಯದವರು ಪಕ್ಕದ ಮನೆಗೆ ಮೊದಲು ಕಳಿಸಿ ತಾವು ಕಾಯುತ್ತಿದ್ದರು. ನಾವಂತೂ ಕಾಯುತ್ತಿರಲಿಲ್ಲ.

ಸಾಗರದಿಂದ ಅಜ್ಜಿ ಬಂದ ಮೇಲೆ ಈ ಲೆಕ್ಕಾಚಾರ ಸ್ವಲ್ಪ ಬದಲಾಯಿತು. ಅಜ್ಜಿಗೆ ಮಡಿ. ಪಂಜಾಬಿ ಆಂಟಿಯ ಪರಾಠಾ ಕೂಡ ಮುಟ್ಟಿದವರಲ್ಲ. ಖಾಲಾ ಇದನ್ನು ಗಮನಿಸಿದರು, ಆದರೆ ಯಾಕೆಂದು ಒಮ್ಮೆಯೂ ಕೇಳಲಿಲ್ಲ. ಆ ವರ್ಷ ಈದ್ ಬೆಳಿಗ್ಗೆ ಬಂದ ತಟ್ಟೆಯಲ್ಲಿ ಬೇಯಿಸದ ಶಾವಿಗೆ, ಸಕ್ಕರೆ, ಗೋಡಂಬಿ, ಒಣದ್ರಾಕ್ಷಿ, ಒಡೆಯದ ಮದರ್ ಡೈರಿ ಹಾಲಿನ ಪ್ಯಾಕೆಟ್ಟು. 'ಸ್ವಯಂಪಾಕಾನೇ ಕಳ್ಸಿದಾಳಲ್ಲೇ!' ಎಂದು ಅಜ್ಜಿ ನಕ್ಕು, ಪಾಯಸ ಮಾಡಿ, ಮೊದಲ ಬಟ್ಟಲನ್ನು ಎದುರು ಮನೆಗೇ ಕೊಟ್ಟು ಕಳಿಸಿದರು. ನಮ್ಮ ಕಡೆಯ ಹಳ್ಳಿಗಳಲ್ಲೂ ಸಾಬರ ಮನೆಗಳಿಂದ ಹೀಗೆ ಹಬ್ಬದ ಸಾಮಾನು ಬರುವುದುಂಟು. ಬೇಡವೆನ್ನುವ ಇಕ್ಕಟ್ಟಿಗೆ ಎದುರಿನವರನ್ನು ಸಿಕ್ಕಿಸದಿರುವುದೇ ಇವರ ತಹಜೀಬಿನ ಮುಕ್ಕಾಲು ಪಾಲು ಎಂದು ನನಗನ್ನಿಸಿದೆ.

2010ರಲ್ಲಿ ಒಂದು ಮಜಾ ನಡೆಯಿತು. ಸೆಪ್ಟೆಂಬರ್ 9ರ ಸಂಜೆ ಖಾಲಾ ಮನೆಯ ಮಕ್ಕಳೊಂದಿಗೆ ನಾವೂ ಟೆರೇಸಿನ ನೀರಿನ ಟ್ಯಾಂಕುಗಳ ನಡುವೆ ನಿಂತು ಪಡುವಣಕ್ಕೆ ಕಣ್ಣು ಕೀಲಿಸಿದ್ದೇ ಬಂತು, ಚಂದ್ರ ಕಾಣಲಿಲ್ಲ. ಮೂವತ್ತು ರೋಜಾ ಉಪವಾಸ ತುಂಬಿಸಿ 11ಕ್ಕೆ ಈದ್ ಎಂದಾಯಿತು. ಅವತ್ತೇ ನಮ್ಮ ಚೌತಿ! ಅವರಿಗೆ ಚಂದ್ರ ಕಂಡರೆ ಹಬ್ಬ; ನಮಗೆ ಕಂಡರೆ ಕಳ್ಳತನದ ಅಪವಾದ. ಅಜ್ಜಿ ಹರಕುಮುರುಕು ಹಿಂದಿಯಲ್ಲಿ ಗಣಪತಿ ಬಿದ್ದದ್ದು, ಚಂದ್ರ ನಕ್ಕದ್ದು, ಕೃಷ್ಣನ ಮೇಲೆ ಸ್ಯಮಂತಕ ಮಣಿ ಕದ್ದ ಆರೋಪ ಬಂದದ್ದು ಎಲ್ಲವನ್ನೂ ವಿವರಿಸಿದರು. ಖಾಲಾ ಗಂಭೀರವಾಗಿ ಕೇಳಿಸಿಕೊಂಡರು. ಸಂಜೆ ಚಕ್ಕುಲಿ ತಿನ್ನುತ್ತ ನಮ್ಮ ಹಜಾರದಲ್ಲಿ ಕೂತಿದ್ದವರು ತಟ್ಟನೆ ಎದ್ದು ಪಡುವಣದ ಕಿಟಕಿಯ ಪರದೆ ಎಳೆದರು. ಆಮೇಲಷ್ಟೇ, 'ಅಮ್ಮಾ, ಅಬ್ ಆ ಜಾಯಿಯೇ' ಎಂದು ಅಜ್ಜಿಯನ್ನು ಕರೆದರು.

ಅಜ್ಜಿ ಹೋದ ಮೇಲೊಂದು ಚಳಿಗಾಲ ಅಪ್ಪ ತೀರಿಕೊಂಡರು. ನಮ್ಮಲ್ಲಿ ಒಲೆ ಹಚ್ಚಲಿಲ್ಲ. ಸಾವಿನ ಮನೆಯವರಿಗೆ ನೆರೆಯವರೇ ಉಣಬಡಿಸಬೇಕು ಎಂಬುದು ಮುಸ್ಲಿಮರಲ್ಲಿ ಬಹಳ ಹಳೆಯ ನಡಾವಳಿ. ಮೂತಾ ಯುದ್ಧದಲ್ಲಿ ಜಾಫರ್ ಮಡಿದಾಗ, ಅವರ ಮನೆಯವರಿಗೆ ಊಟ ಮಾಡಿಡಿ ಎಂದು ಪ್ರವಾದಿಗಳೇ ಹೇಳಿದ್ದರಂತೆ. ಖಾಲಾ ನನ್ನನ್ನು ಪಕ್ಕಕ್ಕೆ ಕರೆದು ಈರುಳ್ಳಿ, ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ ಎಂದಷ್ಟೇ ಕೇಳಿದರು. ಹೊಸ ಸ್ಟೀಲ್ ಡಬರಿಯಲ್ಲಿ ಹೆಸರುಬೇಳೆ ಖಿಚಡಿ ಬಂತು, ಅಂಗಡಿಯ ಬೆಲೆಚೀಟಿಯ ಅಂಟು ಇನ್ನೂ ತಳದಲ್ಲಿತ್ತು. ಯಾರೆಷ್ಟು ಹೇಳಿದರೂ ಬಾಯಿ ಬಿಡದಿದ್ದ ಅಮ್ಮ ಅದನ್ನು ತಿಂದರು. ಮೂರು ದಿನವೂ ಬಂತು.

ಈಗ ಖಾಲಾ ಮಗನ ಜೊತೆ ನೋಯ್ಡಾದಲ್ಲಿದ್ದಾರೆ. ಮೆಟ್ರೋದಲ್ಲಿ ಹೆಚ್ಚು ದೂರವೇನಲ್ಲ, ಆದರೂ ಫೋನಿನಲ್ಲೇ ಹೆಚ್ಚು ಮಾತು. ಸಲಾಮು, ಆಮೇಲೆ ಅಮ್ಮನ ಮಂಡಿನೋವು, ತಂಗಿಯ ಮಕ್ಕಳು, ಸಾಗರದ ಮಳೆ. ಈ ಸರದಿ ಮುಗಿಯದೆ ವಿಷಯಕ್ಕೆ ಬರುವವರಲ್ಲ, ಅವಸರಪಡಿಸಿದರೆ ಮತ್ತೆ ಮೊದಲಿನಿಂದ. ಬನ್ನಿ ಎಂದು ಅಮ್ಮ ಕರೆದರೆ 'ಇನ್‌ಶಾ ಅಲ್ಲಾ' ಎನ್ನುತ್ತಾರೆ. ಅದರ ಎಳೆತ ನೋಡಿ ಬರುತ್ತಾರೋ ಇಲ್ಲವೋ ಎಂದು ಅಮ್ಮ ಹೇಳಬಲ್ಲರು. ಚಕ್ಕುಲಿಯ ವಿಷಯದಲ್ಲಿ ಮಾತ್ರ ಈ ಯಾವ ತಕಲ್ಲುಫೂ ಇಲ್ಲ. ಚೌತಿಗೆ ವಾರವಿರುವಾಗಲೇ ಫೋನು: ಈ ಸಲ ಯಾವಾಗ ಕಳಿಸ್ತೀರಿ?