ತಲೆಯ ಪೆಟ್ಟು ಮತ್ತು ತಾಯ್ನುಡಿ



ಮಾರ್ಕೆಟ್ ಯಾರ್ಡಿನ ಗದ್ದಲ ನಿಮಗೆ ಹೊಸದಲ್ಲ. ಈರುಳ್ಳಿ, ಬೆಲ್ಲದ ಲಾರಿಗಳು, ಮೂಟೆ ಹೊತ್ತ ಹಮಾಲರು, ಅವರ ನಡುವೆ ನುಸುಳುವ ಸ್ಕೂಟರುಗಳು. ಇಲ್ಲಿ ಯಾರಾದರೂ ಬಿದ್ದು ತಲೆಗೆ ಪೆಟ್ಟಾದರೆ, "ರಕ್ತ ಬಂದಿಲ್ಲವಲ್ಲ, ಚಹಾ ಕುಡಿದು ಸ್ವಲ್ಪ ಮಲಗಿ" ಎನ್ನುವುದು ರೂಢಿ. ಆದರೆ ಮಿದುಳಿನ ಗಾಯ ಹೊರಗೆ ಕಾಣಬೇಕೆಂದಿಲ್ಲ. ಬುರುಡೆಯೊಳಗೆ ರಕ್ತ ನಿಧಾನವಾಗಿ ಶೇಖರವಾಗುತ್ತಿದ್ದರೆ, ಎದ್ದು ನಡೆದಾಡಿದವರೇ ಕೆಲವು ಗಂಟೆಗಳಲ್ಲಿ ಎಚ್ಚರ ತಪ್ಪಬಹುದು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಅತಿಯಾದ ಮಂಪರು, ಫಿಟ್ಸ್, ಮಾತಿನ ತೊದಲು, ಒಂದು ಕಡೆಯ ಕೈಕಾಲು ಸೋಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ ಸೋರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಫೋನ್ ಮಾಡಿ.

ಜೀವ ಉಳಿದು ಮನೆಗೆ ಬಂದ ಮೇಲೆ ಇನ್ನೊಂದು ಕಷ್ಟ ಶುರುವಾಗುತ್ತದೆ. ಶಾಂತವಾಗಿದ್ದವರು ಸಣ್ಣ ಮಾತಿಗೂ ಸಿಡಿಯುತ್ತಾರೆ. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ. ಸ್ವಲ್ಪ ಕೆಲಸಕ್ಕೇ ದಣಿವು, ಟಿ.ವಿ. ಸದ್ದೂ ಸಹಿಸದು. ಇದು ಸೋಮಾರಿತನವೂ ಅಲ್ಲ, ನಾಟಕವೂ ಅಲ್ಲ, ಗಾಯದ ಪರಿಣಾಮ.

ಮಾತಿಗೂ ಹೀಗೆಯೇ ಪೆಟ್ಟು ಬೀಳಬಹುದು. ನನ್ನ ಪರಿಚಯದ ಹಮಾಲರೊಬ್ಬರು ಕಲಬುರಗಿ ಕಡೆಯವರು. ಪುಣೆಯಲ್ಲಿ ಮೂವತ್ತು ವರ್ಷ ಮರಾಠಿಯಲ್ಲೇ ವ್ಯವಹರಿಸಿದವರು. ಲಾರಿಯಿಂದ ಬಿದ್ದ ಮೇಲೆ, ಡಾಕ್ಟರು ಕೀಲಿಕೈ ತೋರಿಸಿ ಮರಾಠಿಯಲ್ಲಿ ಕೇಳಿದರೆ ಸುಮ್ಮನೆ ನೋಡುತ್ತಿದ್ದರು. ಮಗಳು ಕಾಲೇಜಿನ ಹುಡುಗಿ, ಅಪ್ಪನಿಗೆ ಯಾವಾಗಲೂ ಮರಾಠಿಯಲ್ಲೇ ಉತ್ತರಿಸುವವಳು. ಡಾಕ್ಟರು ಅವಳಿಗೆ, "ನಿಮ್ಮ ಭಾಷೆಯಲ್ಲಿ ಕೇಳಮ್ಮ" ಎಂದರು. "ಅಪ್ಪಾ, ಇದೇನ?" ಎಂದಳು. ಬಹಳ ಹೊತ್ತಾದ ಮೇಲೆ ಉತ್ತರ ಬಂತು: "ಕೀಲಿಕೈ."

ಎಲ್ಲರಲ್ಲೂ ತಾಯ್ನುಡಿಯೇ ಉಳಿಯುತ್ತದೆಂದಿಲ್ಲ. ಕೆಲವರಲ್ಲಿ ಕಲಿತ ಭಾಷೆ ಮೊದಲು ಮರಳುತ್ತದೆ. ಆದ್ದರಿಂದಲೇ ರೋಗಿ ಆಡುತ್ತಿದ್ದ ಎಲ್ಲ ಭಾಷೆಗಳಲ್ಲೂ ಪರೀಕ್ಷೆ ನಡೆಯಬೇಕು. 1965ರಲ್ಲಿ ಆರಂಭವಾದ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಇಂಥ ಪರೀಕ್ಷೆ ಮಾಡುವವರಿದ್ದಾರೆ. ಪುಣೆಯ ಆಸ್ಪತ್ರೆಯಲ್ಲಿ ಆ ಕೆಲಸಕ್ಕೆ ನೀವೇ ಬೇಕಾಗಬಹುದು.

ಹಾಗಾಗಿ ಹೆಲ್ಮೆಟ್ ಧರಿಸಿ. ಅಪ್ಪ-ಅಮ್ಮ, ಅಜ್ಜ-ಅಜ್ಜಿಯರೊಡನೆ ದಿನಕ್ಕೆ ಹತ್ತು ನಿಮಿಷವಾದರೂ ಕನ್ನಡದಲ್ಲಿ ಹರಟೆ ಹೊಡೆಯಿರಿ. ಅವರ ಮಾತಿನ ಧಾಟಿ ನಿಮಗೆ ಗೊತ್ತಿದ್ದರೆ ಮಾತ್ರ, ಅದು ಬದಲಾದ ದಿನ ಡಾಕ್ಟರಿಗೆ ನೀವು ತಿಳಿಸಬಲ್ಲಿರಿ.